ದೇಶಭಕ್ತಿಯ ಗುತ್ತಿಗೆ ಹಿಡಿದ ಪಕ್ಷ

2024ರ ಆರಂಭದಲ್ಲಿ ಚೀನಾದ ಬ್ಲಾಗರ್ ಒಬ್ಬ ತನ್ನ ದೇಶದ ಅತ್ಯಂತ ಹೆಸರುವಾಸಿ ಕಾದಂಬರಿಕಾರನ ಮೇಲೆ ದಾವೆ ಹೂಡಲು ಹೊರಟ. ಆ ಕಾದಂಬರಿಕಾರ ಮೋ ಯಾನ್, 2012ರ ನೊಬೆಲ್ ಪ್ರಶಸ್ತಿ ಪಡೆದವರು, ‘ಕೆಂಪು ಜೋಳ’ದ ಲೇಖಕರು. ತಮ್ಮ ಕಥೆಗಳಲ್ಲಿ ಅವರು ಕಮ್ಯುನಿಸ್ಟ್ ಸೈನಿಕರನ್ನು ಕೀಳಾಗಿ ಚಿತ್ರಿಸಿದ್ದಾರೆ, ಜಪಾನಿ ಸೈನಿಕರನ್ನು ಚೆಂದಗಾಣಿಸಿದ್ದಾರೆ, ಹುತಾತ್ಮರಿಗೆ ಅವಮಾನ ಮಾಡಿದ್ದಾರೆ ಎಂಬುದು ಆರೋಪ. ಬ್ಲಾಗರ್ ಕೇಳಿದ ಪರಿಹಾರ 150 ಕೋಟಿ ಯುವಾನ್. ಪ್ರತಿಯೊಬ್ಬ ಚೀನೀಯನಿಗೂ ಒಂದೊಂದು ಯುವಾನ್ ಎಂಬ ಲೆಕ್ಕ!

ಮೋ ಯಾನ್ ಬಂಡಾಯಗಾರರೇನಲ್ಲ. ಪಕ್ಷದ ಸದಸ್ಯರು, ಹಿಂದೆ ಸೇನೆಯಲ್ಲಿದ್ದವರು, ಸರ್ಕಾರಿ ಲೇಖಕರ ಸಂಘದ ಉಪಾಧ್ಯಕ್ಷರು. ಸಾಹಿತ್ಯ ಹೇಗಿರಬೇಕೆಂದು ಮಾವೋ ಯೆನಾನ್‌ನಲ್ಲಿ ಮಾಡಿದ ಭಾಷಣವನ್ನು ಕೈಬರಹದಲ್ಲಿ ನಕಲು ಮಾಡಿಕೊಟ್ಟ ಲೇಖಕರ ಪಟ್ಟಿಯಲ್ಲಿ ಅವರ ಹೆಸರೂ ಇದೆ. ಅಂಥವರಿಗೇ ಈ ಗತಿ. ನ್ಯಾಯಾಲಯ ದಾವೆಯನ್ನು ಕೈಗೆತ್ತಿಕೊಳ್ಳಲಿಲ್ಲ ಎಂಬುದು ನಿಜ. ಆದರೆ ಬ್ಲಾಗರ್ ನೆಚ್ಚಿಕೊಂಡಿದ್ದ ಕಾನೂನು ಅವನ ಕಲ್ಪನೆಯದಲ್ಲ. ವೀರರು ಮತ್ತು ಹುತಾತ್ಮರ ಗೌರವ ಕಾಪಾಡುವ ಕಾಯ್ದೆ 2018ರಲ್ಲಿ ಜಾರಿಗೆ ಬಂತು. 2021ರಲ್ಲಿ ದಂಡಸಂಹಿತೆಗೂ ಅದೇ ಧಾಟಿಯ ಕಲಮು ಸೇರಿ, ಮೂರು ವರ್ಷದವರೆಗೆ ಜೈಲು ಎಂದಾಯಿತು. ಈ ಬ್ಲಾಗರನನ್ನು ಯಾವ ಇಲಾಖೆಯೂ ಕಳಿಸಿರಲಿಲ್ಲ. ಅವನನ್ನು ತಯಾರು ಮಾಡಿದ್ದು ಮಾತ್ರ ಮೂವತ್ತು ವರ್ಷದ ಒಂದು ಸರ್ಕಾರಿ ಯೋಜನೆ.

ಆ ಯೋಜನೆಯನ್ನು ಅರ್ಥ ಮಾಡಿಕೊಳ್ಳಲು ಅದಕ್ಕೂ ಹಿಂದೆ ಹೋಗಬೇಕು. ಚೀನಾದ ರಾಷ್ಟ್ರೀಯತೆ ಎಂದರೆ ಪಕ್ಷ ಬಾಯಿಪಾಠ ಮಾಡಿಸಿದ ಸರಕು ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು ಗ್ರಹಿಕೆ. ಆ ರಾಷ್ಟ್ರೀಯತೆ ಪಕ್ಷಕ್ಕಿಂತ ಹಿರಿಯದು, ಮತ್ತು ಹುಟ್ಟಿನಿಂದಲೇ ಅದು ಆಳುವವರನ್ನು ಪ್ರಶ್ನಿಸುತ್ತ ಬಂದದ್ದು.

1919ರ ಮೇ 4ರಂದು ಸುಮಾರು ಮೂರು ಸಾವಿರ ವಿದ್ಯಾರ್ಥಿಗಳು ಪೀಕಿಂಗ್‌ನ ತಿಯೆನಾನ್ಮೆನ್ ದ್ವಾರದ ಮುಂದೆ ಸೇರಿದರು. ಮೊದಲ ಮಹಾಯುದ್ಧದ ನಂತರ ಪ್ಯಾರಿಸ್ಸಿನಲ್ಲಿ ಕೂತಿದ್ದ ದೊಡ್ಡವರು ಶಾಂಡೊಂಗ್ ಪ್ರಾಂತ್ಯದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಚೀನಾಕ್ಕೆ ಮರಳಿಸದೆ ಜಪಾನಿಗೆ ಕೊಟ್ಟುಬಿಟ್ಟಿದ್ದರು. ವಿದ್ಯಾರ್ಥಿಗಳ ಸಿಟ್ಟು ಜಪಾನಿನ ಮೇಲಿತ್ತು. ಆದರೆ ಅವರು ಬೆಂಕಿ ಇಟ್ಟದ್ದು ತಮ್ಮದೇ ಸರ್ಕಾರದ ಮಂತ್ರಿಯ ಮನೆಗೆ. ಆ ಪೀಳಿಗೆಯ ಗುರುಗಳಲ್ಲೊಬ್ಬರು ‘ಹೊಸ ಯುವಜನ’ ಪತ್ರಿಕೆಯ ಸಂಪಾದಕ ಚೆನ್ ದುಷಿಯು. ದೇಶ ಉಳಿಯಬೇಕಾದರೆ ಪ್ರಜಾಪ್ರಭುತ್ವವೂ ವಿಜ್ಞಾನವೂ ಬೇಕೇ ಬೇಕು ಎಂದು ವಾದಿಸಿದವರು ಅವರು. ಎರಡು ವರ್ಷಗಳ ನಂತರ ಹುಟ್ಟಿದ ಚೀನೀ ಕಮ್ಯುನಿಸ್ಟ್ ಪಕ್ಷಕ್ಕೆ ಮೊದಲ ಮುಖ್ಯಸ್ಥರಾದವರೂ ಅವರೇ. 1929ರಲ್ಲಿ ಪಕ್ಷ ಅವರನ್ನು ಹೊರಹಾಕಿತು. ದೇಶಪ್ರೇಮವೂ ರಾಜಕೀಯ ಸುಧಾರಣೆಯೂ ಆ ಕಾಲದಲ್ಲಿ ಎರಡು ಬೇರೆ ಬೇಡಿಕೆಗಳಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು.

1989ರಲ್ಲೂ ಹಾಗೆಯೇ. ಸುಧಾರಣಾವಾದಿ ನಾಯಕ ಹು ಯಾವೊಬಾಂಗ್ ಏಪ್ರಿಲ್ 15ರಂದು ತೀರಿಕೊಂಡಾಗ ಅವರಿಗೆ ಶ್ರದ್ಧಾಂಜಲಿ ಸಲ್ಲಿಸಲು ವಿದ್ಯಾರ್ಥಿಗಳು ತಿಯೆನಾನ್ಮೆನ್ ಚೌಕಕ್ಕೆ ಬಂದರು, ಅದೇ ಚಳವಳಿಯಾಗಿ ಬೆಳೆಯಿತು. ಏಪ್ರಿಲ್ 26ರಂದು ಪಕ್ಷದ ಮುಖವಾಣಿ ‘ಪೀಪಲ್ಸ್ ಡೈಲಿ’ಯ ಸಂಪಾದಕೀಯ ಅವರ ಚಳವಳಿಯನ್ನು ದಂಗೆಯ ಧಾಟಿಯಲ್ಲಿ ಬಣ್ಣಿಸಿತು. ಅಲ್ಲಿಂದ ಮುಂದೆ ವಿದ್ಯಾರ್ಥಿಗಳ ಮುಖ್ಯ ಹಟವೇ ಆ ಸಂಪಾದಕೀಯವನ್ನು ಹಿಂದಕ್ಕೆ ಪಡೆಯಿರಿ, ನಮ್ಮದು ದೇಶಭಕ್ತಿಯ ಚಳವಳಿಯೆಂದು ಒಪ್ಪಿಕೊಳ್ಳಿ ಎಂಬುದಾಯಿತು. 1919ರ ಎಪ್ಪತ್ತನೇ ವರ್ಷಾಚರಣೆಯಂದು ಅವರು ಮತ್ತೆ ಮೆರವಣಿಗೆ ತೆಗೆದರು. ಅದೇ ದಿನ ಪಕ್ಷದ ಪ್ರಧಾನ ಕಾರ್ಯದರ್ಶಿ ಝಾವೊ ಜಿಯಾಂಗ್, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಅತಿಥಿಗಳ ಮುಂದೆ, ಇದನ್ನು ಪ್ರಜಾಸತ್ತಾತ್ಮಕವಾಗಿ, ಕಾನೂನಿನ ದಾರಿಯಲ್ಲಿ ಬಗೆಹರಿಸಬೇಕು ಎಂದರು.

ಝಾವೊ ಬಹುಪಕ್ಷ ವ್ಯವಸ್ಥೆ ತರಲು ಹೊರಟವರಲ್ಲ. 1987ರ ಪಕ್ಷದ ಮಹಾಧಿವೇಶನದಲ್ಲಿ ಅವರು ಮುಂದಿಟ್ಟ ಸುಧಾರಣೆ ಸಾಧಾರಣವಾದುದು: ಪಕ್ಷದ ಕೆಲಸ ಬೇರೆ, ಸರ್ಕಾರದ ಕೆಲಸ ಬೇರೆ ಆಗಲಿ, ಅಧಿಕಾರ ಕೆಳಗಿಳಿಯಲಿ, ಜನರೊಂದಿಗೆ ಸಂವಾದಕ್ಕೊಂದು ಏರ್ಪಾಡಿರಲಿ. ಅಷ್ಟೂ ಹೆಚ್ಚಾಯಿತು. 1989ರ ಮೇ 19ರ ನಸುಕಿನಲ್ಲಿ ಅವರು ಕೈಯಲ್ಲಿ ಮೆಗಾಫೋನ್ ಹಿಡಿದು ಉಪವಾಸ ಕೂತ ವಿದ್ಯಾರ್ಥಿಗಳ ನಡುವೆ ನಿಂತರು. ಅದೇ ಅವರ ಕೊನೆಯ ಸಾರ್ವಜನಿಕ ದರ್ಶನ. 2005ರಲ್ಲಿ ಸಾಯುವವರೆಗೆ ಅವರು ಗೃಹಬಂಧನದಲ್ಲೇ ಇದ್ದರು. ಆ ನಸುಕಿನ ಫೋಟೋದಲ್ಲಿ ಅವರ ಪಕ್ಕ ನಿಂತಿರುವ ಅಧಿಕಾರಿ ವೆನ್ ಜಿಯಾಬಾವೊ. ಮುಂದೆ ಅವರೇ ಪ್ರಧಾನಿಯಾಗಿ, 2010ರಲ್ಲಿ ಶೆನ್‌ಜೆನ್‌ನಲ್ಲಿ ನಿಂತು ರಾಜಕೀಯ ಸುಧಾರಣೆ ಬೇಕು ಎಂದರು. ಪ್ರಧಾನಿಯ ಅಂಥ ಮಾತಿಗೂ ದೇಶದ ಮಾಧ್ಯಮಗಳಲ್ಲಿ ಕತ್ತರಿ ಬಿತ್ತು!

ಸೇನೆ ವಿದ್ಯಾರ್ಥಿ ಚಳವಳಿಯನ್ನು ಹತ್ತಿಕ್ಕಿದ 1989ರ ಜೂನ್ 4ರ ರಕ್ತಪಾತ ನಡೆದು ಐದು ದಿನಗಳಾದ ಮೇಲೆ ಪಕ್ಷದ ಹಿರಿಯ ನಾಯಕ ಡೆಂಗ್ ಷಿಯಾಪಿಂಗ್ ಸೇನಾಧಿಕಾರಿಗಳನ್ನು ಕರೆದು ಅಭಿನಂದಿಸಿದರು. ಹತ್ತು ವರ್ಷಗಳಲ್ಲಿ ನಾವು ಮಾಡಿದ ಅತಿ ದೊಡ್ಡ ತಪ್ಪು ಶಿಕ್ಷಣದಲ್ಲಿ ಎಂದು ಅವರು ಅಲ್ಲಿ ಹೇಳಿದ್ದರ ತಾತ್ಪರ್ಯ ಶಾಲೆಗಳು ಸಾಲವು ಎಂದಲ್ಲ, ಶಾಲೆಗಳಲ್ಲಿ ರಾಜಕೀಯ ಪಾಠ ಸಾಲದು ಎಂದು. 1991ರಲ್ಲಿ, ಝಾವೊ ಅವರ ಸ್ಥಾನಕ್ಕೆ ಬಂದಿದ್ದ ಜಿಯಾಂಗ್ ಜೆಮಿನ್ ಶಿಕ್ಷಣದ ಹೊಣೆ ಹೊತ್ತವರಿಗೆ ಪತ್ರ ಬರೆದು, ಶಿಶುವಿಹಾರದ ಮಕ್ಕಳಿಂದ ವಿಶ್ವವಿದ್ಯಾಲಯದವರೆಗೆ ಆಧುನಿಕ ಚೀನಾದ ಚರಿತ್ರೆ ಕಲಿಸಬೇಕೆಂದರು. ಸೋವಿಯತ್ ಒಕ್ಕೂಟ ಅದೇ ವರ್ಷ ಕುಸಿಯಿತು. 1994ರಲ್ಲಿ ದೇಶಭಕ್ತಿ ಶಿಕ್ಷಣದ ರೂಪುರೇಷೆ ಹೊರಬಿತ್ತು. 1997ರಲ್ಲಿ ನೂರು ಸ್ಮಾರಕ, ವಸ್ತುಸಂಗ್ರಹಾಲಯಗಳನ್ನು ‘ದೇಶಭಕ್ತಿ ಶಿಕ್ಷಣ ನೆಲೆ’ಗಳೆಂದು ಘೋಷಿಸಿದರು. 2021ರ ಹೊತ್ತಿಗೆ ಅಂಥ ರಾಷ್ಟ್ರಮಟ್ಟದ ನೆಲೆಗಳು 585 ಆಗಿದ್ದವು. ಬಸ್ಸುಗಳಲ್ಲಿ ಬಂದಿಳಿಯುವ ಶಾಲಾ ಮಕ್ಕಳಿಗೆ ಅಲ್ಲಿ ಬರವಿಲ್ಲ.

ಪಾಠ ಏನು? ಮಾವೋ ಕಾಲದ ಚರಿತ್ರೆ ಗೆದ್ದವರ ಚರಿತ್ರೆ. ಅದರಲ್ಲಿ ವೈರಿಗಳು ಜಮೀನ್ದಾರರು, ಎದುರಾಳಿ ಪಕ್ಷ ಕುವೊಮಿಂಟಾಂಗ್, ಅಮೆರಿಕದ ಸಾಮ್ರಾಜ್ಯಶಾಹಿ. ಜಪಾನಿನ ದಾಳಿಯ ಗಾಯವನ್ನು ಮಾವೋ ಅಷ್ಟಾಗಿ ಕೆದಕಲಿಲ್ಲ. 1972ರಲ್ಲಿ ಜಪಾನಿನಿಂದ ಯುದ್ಧ ಪರಿಹಾರವೂ ಬೇಡವೆಂದರು. ನಾನ್‌ಜಿಂಗ್ ನಗರದಲ್ಲಿ ಜಪಾನಿ ಸೈನಿಕರು ನಡೆಸಿದ ಹತ್ಯಾಕಾಂಡದ ಸ್ಮಾರಕ ಭವನ ತೆರೆದದ್ದು 1985ರಲ್ಲಿ, ಮಾವೋ ಸತ್ತು ಒಂಬತ್ತು ವರ್ಷಕ್ಕೆ. ಹೊಸ ಪಾಠದ ನಡುಗಂಬ ‘ಅವಮಾನದ ಶತಮಾನ’: 1839ರ ಅಫೀಮು ಯುದ್ಧದಿಂದ 1949ರವರೆಗೆ ಪರಕೀಯರು ಚೀನಾವನ್ನು ತುಳಿದರು, ಪಕ್ಷ ಬಂದು ಎತ್ತಿ ನಿಲ್ಲಿಸಿತು. ವರ್ಗ ಸಂಘರ್ಷದ ಜಾಗದಲ್ಲಿ ರಾಷ್ಟ್ರದ ನೋವು ಬಂದು ಕೂತಿತು. ಮಾರುಕಟ್ಟೆಗೆ ಬಾಗಿಲು ತೆರೆದ ಕಮ್ಯುನಿಸ್ಟ್ ಪಕ್ಷಕ್ಕೆ ತಾನು ಏಕೆ ಆಳಬೇಕು ಎಂಬುದಕ್ಕೆ ಬೇರೆ ಕಾರಣ ಬೇಕಿತ್ತು, ಸಿಕ್ಕಿತು.

ಆ ಪಾಠದಲ್ಲಿ ನಾವೂ ಇದ್ದೇವೆ. ಇದು ನಮಗೆ ಗೊತ್ತಿರುವುದು ಕಡಿಮೆ. ಚೀನಾಕ್ಕೆ ಹೋದ ಅಫೀಮು ಬೆಳೆದದ್ದು ಬಿಹಾರದಲ್ಲಿ, ಬನಾರಸ್ ಸುತ್ತ, ಮಾಳವದಲ್ಲಿ. 1841ರ ಮೇ ತಿಂಗಳಲ್ಲಿ ಗುವಾಂಗ್‌ಜೌ ಹೊರವಲಯದ ಸಾನ್‌ಯುವಾನ್‌ಲಿ ಎಂಬ ಹಳ್ಳಿಯ ರೈತರು ಬ್ರಿಟಿಷ್ ಪಡೆಯನ್ನು ಸುತ್ತುವರಿದದ್ದು ಚೀನೀ ಮಕ್ಕಳಿಗೆ ಜನರ ಶೌರ್ಯದ ಕಥೆ. ಅಂದು ಜಡಿಮಳೆಯಲ್ಲಿ ದಾರಿ ತಪ್ಪಿ, ತೊಯ್ದ ಬಂದೂಕು ಹಾರದೆ ಸಿಕ್ಕಿಬಿದ್ದ ತುಕಡಿ 37ನೇ ಮದ್ರಾಸ್ ಕಾಲ್ದಳದ ಸಿಪಾಯಿಗಳದು. ಬೆಂಗಳೂರಿನಲ್ಲಿ ಹಲಸೂರು ಕೆರೆಯ ಬಳಿ ನೆಲೆ ಇರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಹಳೆಯ ಯುದ್ಧಗೌರವಗಳಲ್ಲಿ ‘ಚೀನಾ’, ‘ಟಾಕು ಕೋಟೆ’, ‘ಪೀಕಿಂಗ್’ ಇವೆ. 1860ರಲ್ಲಿ ಯುವಾನ್‌ಮಿಂಗ್‌ಯುವಾನ್ ಅರಮನೆಗೆ ಬೆಂಕಿ ಇಡಲು ಆಜ್ಞೆ ಕೊಟ್ಟ ಲಾರ್ಡ್ ಎಲ್ಗಿನ್ ಎರಡು ವರ್ಷಕ್ಕೆ ನಮ್ಮ ವೈಸರಾಯ್ ಆಗಿ ಬಂದ. ಅವನ ಗೋರಿ ಧರ್ಮಶಾಲಾದ ಚರ್ಚಿನ ಅಂಗಳದಲ್ಲಿದೆ. ಅದೇ ಚರಿತ್ರೆಯ ಇನ್ನೊಂದು ಪುಟದಲ್ಲಿ ನಮ್ಮ ಗಡಿಯಾಚೆಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದಾರೆ. 1938ರಲ್ಲಿ ಭಾರತದ ವೈದ್ಯ ತಂಡದೊಂದಿಗೆ ಹೋಗಿ, ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಅಲ್ಲೇ ತೀರಿಕೊಂಡವರು. ಶಿಜಿಯಾಜುವಾಂಗ್‌ನ ಹುತಾತ್ಮರ ಸ್ಮಶಾನದಲ್ಲಿ ಅವರ ಪ್ರತಿಮೆಗೆ ಇಂದಿಗೂ ಹೂ ಬೀಳುತ್ತದೆ.

ಹಾಗಾಗಿ ಅವಮಾನದ ಶತಮಾನ ಕಟ್ಟುಕಥೆ ಎನ್ನಲು ನಮಗಂತೂ ಬಾಯಿಲ್ಲ. ನಾನ್‌ಜಿಂಗ್ ನಿಜ, ಅಫೀಮು ನಿಜ. ತಕರಾರು ಇರುವುದು ಪಾಠ ಎಲ್ಲಿ ನಿಲ್ಲುತ್ತದೆ ಎಂಬುದರ ಬಗ್ಗೆ. ಹೊರಗಿನವರು ಕೊಂದ ಚೀನೀಯರ ಲೆಕ್ಕ ಪ್ರತಿ ಮಗುವಿಗೂ ಗೊತ್ತು. 1959ರಿಂದ 1961ರವರೆಗೆ ಮಾವೋ ನೀತಿಯಿಂದ ಬಂದ ಬರಗಾಲದಲ್ಲಿ ಸತ್ತ ಕೋಟ್ಯಂತರ ಜನರ ಹೆಸರಿನಲ್ಲಿ ಒಂದು ರಾಷ್ಟ್ರೀಯ ಸ್ಮಾರಕವೂ ಇಲ್ಲ. ಸಾಂಸ್ಕೃತಿಕ ಕ್ರಾಂತಿಯನ್ನು 1981ರಲ್ಲಿ ಪಕ್ಷವೇ ಅನಾಹುತ ಎಂದು ಒಪ್ಪಿಕೊಂಡಿತ್ತು. 2018ರ ಎಂಟನೇ ತರಗತಿ ಪಠ್ಯದಲ್ಲಿ ಅದಕ್ಕಿದ್ದ ಪ್ರತ್ಯೇಕ ಅಧ್ಯಾಯ ಹೋಗಿ, ದೇಶ ಕಷ್ಟಪಟ್ಟು ಸಾಧಿಸಿದ ಪ್ರಗತಿಯ ಅಧ್ಯಾಯದೊಳಗೆ ಸೇರಿಕೊಂಡಿತು.

ಈ ಕೊರತೆಯನ್ನು ಒಳಗಿನವರೇ ಎತ್ತಿ ತೋರಿಸಿದ್ದರು. ಗುವಾಂಗ್‌ಜೌನ ಸುನ್ ಯಾತ್‌ಸೆನ್ ವಿಶ್ವವಿದ್ಯಾಲಯದ ಚರಿತ್ರೆಕಾರ, ತತ್ವಶಾಸ್ತ್ರದ ಪ್ರಾಧ್ಯಾಪಕ ಯುವಾನ್ ವೈಷಿ 2006ರ ಜನವರಿಯಲ್ಲಿ ‘ಬಿಂಗ್‌ದಿಯೆನ್’ ಎಂಬ ವಾರದ ಪುರವಣಿಗೆ ಒಂದು ಲೇಖನ ಬರೆದರು. ಅದು ಪಕ್ಷದ ಯುವ ಸಂಘಟನೆಯ ದೈನಿಕದ್ದೇ ಪುರವಣಿ. 1900ರ ಬಾಕ್ಸರ್ ದಂಗೆಕೋರರನ್ನು ಪಠ್ಯಗಳು ವೀರರೆಂದು ಹೊಗಳುತ್ತವೆ, ಅವರು ಕ್ರೈಸ್ತರಾದ ಚೀನೀಯರನ್ನು ಕೊಂದದ್ದನ್ನು, ರೈಲು ಹಳಿ, ತಂತಿ ಕಿತ್ತದ್ದನ್ನು ಮರೆಮಾಚುತ್ತವೆ ಎಂಬುದು ಅವರ ವಾದ. 1860ರಲ್ಲಿ ಅರಮನೆ ಸುಟ್ಟ ದುರಂತದಲ್ಲಿ ಚಿಂಗ್ ದೊರೆಗಳ ಪಾಲೂ ಇತ್ತು ಎಂದರು. ತಮ್ಮ ಚರಿತ್ರೆಯ ತಪ್ಪನ್ನು ತಾವು ನೋಡಿಕೊಳ್ಳದ ರೋಗ ಜಪಾನಿನ ಪಠ್ಯಗಳಲ್ಲಿದೆ, ಅದೇ ರೋಗ ನಮ್ಮ ಪಠ್ಯಗಳಲ್ಲೂ ಇದೆ ಎಂದು ಬರೆದರು. ಲೇಖನದ ಎಲ್ಲ ಮಾತನ್ನೂ ಒಪ್ಪಬೇಕೆಂದಿಲ್ಲ. ವಸಾಹತುಶಾಹಿಯ ಬಗ್ಗೆ ಅವರು ತುಸು ಮೆತ್ತಗಾದರು ಎಂದೇ ನನ್ನ ಅನಿಸಿಕೆ. ಆದರೆ ವಾದಕ್ಕೆ ಪ್ರತಿವಾದ ಬರಲು ಜಾಗವೇ ಉಳಿಯಲಿಲ್ಲ. ಎರಡು ವಾರದೊಳಗೆ ಪುರವಣಿ ನಿಂತಿತು. ಮಾರ್ಚ್‌ನಲ್ಲಿ ಮತ್ತೆ ಹೊರಬಂದಾಗ ಸಂಪಾದಕ ಲಿ ದಾತೊಂಗ್ ಆ ಕುರ್ಚಿಯಲ್ಲಿರಲಿಲ್ಲ, ಯುವಾನ್ ಅವರನ್ನು ಖಂಡಿಸುವ ಲೇಖನವೊಂದು ಇತ್ತು.

ಇನ್ನು ಬೀದಿಗೆ ಬರೋಣ. 1999ರಲ್ಲಿ ನೇಟೊ ಬಾಂಬು ಬೆಲ್‌ಗ್ರೇಡಿನ ಚೀನೀ ರಾಯಭಾರ ಕಚೇರಿಗೆ ಬಿದ್ದು ಮೂವರು ಸತ್ತಾಗ ಬೀಜಿಂಗ್‌ನ ಅಮೆರಿಕ ರಾಯಭಾರ ಕಚೇರಿಗೆ ಕಲ್ಲುಗಳ ಸುರಿಮಳೆಯಾಯಿತು. 2005ರಲ್ಲಿ, 2012ರಲ್ಲಿ ಜಪಾನ್ ವಿರುದ್ಧ ದೊಡ್ಡ ಮೆರವಣಿಗೆಗಳು ನಡೆದವು. ನಲ್ಲಿ ನೀರಿನಂತೆ ಬೇಕಾದಾಗ ಬಿಡುವುದು, ಸಾಕೆನಿಸಿದಾಗ ನಿಲ್ಲಿಸುವುದು ಸರ್ಕಾರದ ಪದ್ಧತಿ. ನಮ್ಮ ಜನ ಸಿಟ್ಟಾಗಿದ್ದಾರೆ, ನಮ್ಮ ಕೈ ಕಟ್ಟಿದೆ ಎಂದು ಸಂಧಾನದ ಮೇಜಿನಲ್ಲಿ ಹೇಳಲೂ ಅನುಕೂಲ. ಆದರೆ ನಲ್ಲಿ ಯಾವಾಗಲೂ ಹೇಳಿದಂತೆ ಕೇಳುವುದಿಲ್ಲ. 2012ರ ಸೆಪ್ಟೆಂಬರಿನಲ್ಲಿ ಷಿಯಾನ್ ನಗರದಲ್ಲಿ ಟೊಯೋಟಾ ಕಾರು ಓಡಿಸುತ್ತಿದ್ದ ಚೀನೀಯನೊಬ್ಬನ ತಲೆಬುರುಡೆಯನ್ನು ಗಾರೆ ಕೆಲಸದ ಹುಡುಗನೊಬ್ಬ ಬೈಕಿನ ಬೀಗದಿಂದ ಜಜ್ಜಿದ. ಅವನಿಗೆ ಹತ್ತು ವರ್ಷ ಶಿಕ್ಷೆಯಾಯಿತು. 2024ರ ಜೂನ್‌ನಲ್ಲಿ ಸುಜೌದಲ್ಲಿ ಜಪಾನಿ ತಾಯಿ ಮಗುವಿನ ಮೇಲೆ ಚಾಕುವಿನಿಂದ ದಾಳಿ ಮಾಡಿದವನನ್ನು ತಡೆಯಲು ಹೋದ ಶಾಲಾ ಬಸ್ಸಿನ ಚೀನೀ ಸಹಾಯಕಿ ಜೀವ ಕಳೆದುಕೊಂಡರು. ಜಪಾನಿನ ರಾಯಭಾರ ಕಚೇರಿ ತನ್ನ ಬಾವುಟವನ್ನು ಅವರಿಗಾಗಿ ಅರ್ಧಕ್ಕಿಳಿಸಿತು. ದ್ವೇಷದ ಪೋಸ್ಟುಗಳನ್ನು ಅಳಿಸುತ್ತೇವೆಂದು ಚೀನಾದ ಇಂಟರ್ನೆಟ್ ಕಂಪನಿಗಳು ಆಗ ಗಡಿಬಿಡಿಯಲ್ಲಿ ಪ್ರಕಟಣೆ ಹೊರಡಿಸಿದವು. ಮೂರು ತಿಂಗಳಿಗೇ ಶೆನ್‌ಜೆನ್‌ನಲ್ಲಿ ಹತ್ತು ವರ್ಷದ ಜಪಾನಿ ಹುಡುಗ ಶಾಲೆಗೆ ಹೋಗುವ ದಾರಿಯಲ್ಲಿ ಚಾಕುವಿಗೆ ಬಲಿಯಾದ. ದಾಳಿ ನಡೆದ ದಿನ ಸೆಪ್ಟೆಂಬರ್ 18. 1931ರಲ್ಲಿ ಜಪಾನ್ ಮಂಚೂರಿಯಾದ ಮೇಲೆ ಬಿದ್ದ ದಿನವದು. ಇದು ಬಿಡಿ ಘಟನೆ ಎಂದಿತು ಸರ್ಕಾರ.

ಷಿ ಜಿನ್‌ಪಿಂಗ್ ಕಾಲದಲ್ಲಿ ಈ ಕಥೆಗೆ ಹೊಸ ತಿರುವೇನೂ ಬರಲಿಲ್ಲ, ವೇಗ ಬಂತು. 2012ರ ನವೆಂಬರಿನಲ್ಲಿ, ಪಕ್ಷದ ಚುಕ್ಕಾಣಿ ಹಿಡಿದ ಕೆಲವೇ ದಿನಗಳಿಗೆ, ಅವರು ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪ್ರದರ್ಶನದಲ್ಲಿ ನಿಂತು ‘ಚೀನೀ ಕನಸಿನ’ ಮಾತಾಡಿದರು. ಗುವಾಂಗ್‌ಜೌನ ‘ಸದರ್ನ್ ವೀಕ್ಲಿ’ ಪತ್ರಿಕೆ ಆ ಮಾತನ್ನು ನಂಬಿ, 2013ರ ಹೊಸವರ್ಷದ ಸಂಚಿಕೆಗೆ ಒಂದು ಬರಹ ಸಿದ್ಧಪಡಿಸಿತು. ಚೀನೀ ಕನಸೆಂದರೆ ಸಂವಿಧಾನದ ಪ್ರಕಾರ ಆಳ್ವಿಕೆ ನಡೆಯುವ ಕನಸು ಎಂಬುದು ಅದರ ಹುರುಳು. ಚೀನಾದ ಸಂವಿಧಾನದ 35ನೇ ವಿಧಿಯಲ್ಲಿ ಮಾತಿನ, ಪತ್ರಿಕೆಯ, ಸಭೆ ಸೇರುವ ಸ್ವಾತಂತ್ರ್ಯಗಳೆಲ್ಲ ಬರೆದಿವೆ. ಪ್ರಾಂತ್ಯದ ಪ್ರಚಾರಾಧಿಕಾರಿಗಳು ಆ ಬರಹ ತೆಗೆಸಿ ಪಕ್ಷದ ಹೊಗಳಿಕೆ ಹಾಕಿಸಿದರು. ಪತ್ರಕರ್ತರು ಕೆಲಸ ನಿಲ್ಲಿಸಿದರು, ಓದುಗರು ಕಚೇರಿಯ ಮುಂದೆ ಹೂವಿಟ್ಟರು. ಮೂರು ತಿಂಗಳಿಗೆ ಪಕ್ಷದೊಳಗೆ ‘9ನೇ ದಾಖಲೆ’ ಹಂಚಿಕೆಯಾಯಿತು. ಸಾಂವಿಧಾನಿಕ ಪ್ರಜಾಪ್ರಭುತ್ವ, ಸಾರ್ವತ್ರಿಕ ಮೌಲ್ಯ, ನಾಗರಿಕ ಸಮಾಜ, ಸ್ವತಂತ್ರ ಪತ್ರಿಕೋದ್ಯಮ, ಪಕ್ಷದ ಚರಿತ್ರೆಯನ್ನು ಅನುಮಾನಿಸುವುದು, ಇವೆಲ್ಲ ಅಪಾಯ ಎಂದಿತು ಅದು. 2018ರ ಮಾರ್ಚ್‌ನಲ್ಲಿ ಅಧ್ಯಕ್ಷರ ಅವಧಿ ಮಿತಿಯನ್ನು ತೆಗೆದುಹಾಕುವ ತಿದ್ದುಪಡಿಗೆ ಸಂಸತ್ತಿನಲ್ಲಿ 2958 ಮತ ಬಿದ್ದವು. ವಿರುದ್ಧ ಎರಡು.

ನನಗೆ ಕಾಣುವ ಮುಖ್ಯ ಸಂಗತಿ ಇದು. 1919ರಲ್ಲಿ, 1989ರಲ್ಲಿ ದೇಶಭಕ್ತಿ ಸುಧಾರಣೆಯ ವಾದಕ್ಕೆ ನೈತಿಕ ಬಲ ಕೊಡುತ್ತಿತ್ತು. 1994ರ ನಂತರ ಪಕ್ಷ ಮಾಡಿದ ದೊಡ್ಡ ಕೆಲಸ ಜನರಲ್ಲಿ ದೇಶಭಕ್ತಿ ಹುಟ್ಟಿಸಿದ್ದಲ್ಲ. ಅದು ಮೊದಲೇ ಇತ್ತು. ಸುಧಾರಣೆ ಕೇಳುವವರಿಂದ ಅದನ್ನು ಕಿತ್ತುಕೊಂಡದ್ದು. ಈಗ ಸಂವಿಧಾನ ಪಾಲಿಸಿ ಎನ್ನುವವನು ‘ವಿದೇಶಿ ಶಕ್ತಿಗಳ’ ಕೈಗೊಂಬೆಯಾಗುತ್ತಾನೆ. 2024ರ ಜನವರಿ 1ರಿಂದ ಜಾರಿಯಲ್ಲಿರುವ ದೇಶಭಕ್ತಿ ಶಿಕ್ಷಣ ಕಾಯ್ದೆ ಮನೆಯೊಳಗಿನ ತಂದೆತಾಯಿಗಳಿಗೂ ಕರ್ತವ್ಯ ಹೊರಿಸುತ್ತದೆ, ಹಾಂಗ್‌ಕಾಂಗ್‌ ಜನರಲ್ಲಿ ದೇಶಭಕ್ತಿ ಬೆಳೆಸಬೇಕೆಂದೂ ಹೇಳುತ್ತದೆ. ಅದೇ ಹಾಂಗ್‌ಕಾಂಗ್‌ನಲ್ಲಿ 2012ರಲ್ಲಿ ಇಂಥದೇ ಪಾಠವನ್ನು ಕಡ್ಡಾಯ ಮಾಡಹೊರಟಾಗ ಮಕ್ಕಳ ತಳ್ಳುಗಾಡಿಯೊಂದಿಗೆ ಅಪ್ಪ ಅಮ್ಮಂದಿರು ಬೀದಿಗಿಳಿದು ಅದನ್ನು ತಡೆದಿದ್ದರು. ಆ ಹೋರಾಟದ ಮುಂಚೂಣಿಯಲ್ಲಿದ್ದ ಹದಿನೈದರ ಹುಡುಗ ಜೋಶುವಾ ವಾಂಗ್ ಈಗ ಜೈಲಿನಲ್ಲಿದ್ದಾರೆ.

ಇಷ್ಟೆಲ್ಲ ಪಾಠ ಫಲಿಸಿದೆಯೇ? ಪಕ್ಷ ಬಯಸಿದಷ್ಟು ಅಲ್ಲ. ಹಾರ್ವರ್ಡ್‌ನ ಅಲಸ್ಟೇರ್ ಇಯಾನ್ ಜಾನ್‌ಸ್ಟನ್ ಬೀಜಿಂಗ್ ನಿವಾಸಿಗಳ ಹಲವು ವರ್ಷಗಳ ಸಮೀಕ್ಷೆಗಳನ್ನು 2015ರವರೆಗೆ ಪರಿಶೀಲಿಸಿ, ರಾಷ್ಟ್ರೀಯತೆಯ ಬಿಸಿ ಏರುತ್ತಿಲ್ಲ, ಅದೂ ಎಳೆಯರಲ್ಲಿ ಹಿರಿಯರಿಗಿಂತ ಕಡಿಮೆ ಎಂದು ಕಂಡುಕೊಂಡರು. ಜಾಲತಾಣದಲ್ಲಿ ಕೂಗುವವರನ್ನು ನೋಡಿ ಇಡೀ ಪೀಳಿಗೆಯನ್ನು ಅಳೆಯಬಾರದು ಎಂಬುದಕ್ಕೆ ಇದು ಸಾಕ್ಷಿ. 2022ರ ನವೆಂಬರಿನಲ್ಲಿ ಉರುಮ್ಚಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದು ಹತ್ತು ಮಂದಿ ಸತ್ತರು. ಲಾಕ್‌ಡೌನಿನಿಂದ ರೋಸಿದ್ದ ಯುವಜನ ಖಾಲಿ ಬಿಳಿ ಹಾಳೆ ಹಿಡಿದು ಬೀದಿಗೆ ಬಂದರು. ಅವರು ಹಾಡಿದ್ದು ರಾಷ್ಟ್ರಗೀತೆ. ನಿಮ್ಮ ಹಿಂದೆ ವಿದೇಶಿ ಶಕ್ತಿಗಳಿವೆ ಎಂದು ಬೀಜಿಂಗ್‌ನಲ್ಲಿ ಒಬ್ಬ ಎಚ್ಚರಿಸಿದಾಗ, ಯಾವ ವಿದೇಶಿಯರು, ಮಾರ್ಕ್ಸ್ ಏಂಗೆಲ್ಸರೇ ಎಂದು ಗುಂಪಿನಿಂದ ಮರುಪ್ರಶ್ನೆ ಬಂತು. ಅದೇ ವರ್ಷ ಶಾಂಘೈ ಬಾಗಿಲು ಹಾಕಿಕೊಂಡಿದ್ದಾಗ ರಾಷ್ಟ್ರಗೀತೆಯ ಮೊದಲ ಸಾಲನ್ನೇ ಜಾಲತಾಣ ‘ವೇಬೊ’ ತಡೆಹಿಡಿದಿತ್ತು. ಗುಲಾಮರಾಗಲು ಒಪ್ಪದವರನ್ನು ಕುರಿತ ಸಾಲು ಅದು. ಆ ಗೀತೆ ಬರೆದ ಕವಿ ತಿಯಾನ್ ಹಾನ್ ಸಾಂಸ್ಕೃತಿಕ ಕ್ರಾಂತಿಯಲ್ಲಿ ಬಂಧನದಲ್ಲೇ ಸತ್ತವರು.

ಗಲ್ವಾನ್ ನಮಗೆ ಹತ್ತಿರದ ಉದಾಹರಣೆ. 2020ರ ಜೂನ್‌ನಲ್ಲಿ ಅಲ್ಲಿನ ಗಡಿ ಘರ್ಷಣೆಯಲ್ಲಿ ನಮ್ಮ ಇಪ್ಪತ್ತು ಯೋಧರು ಸತ್ತರು. ಚೀನಾ ತನ್ನ ಕಡೆ ನಾಲ್ವರು ಸತ್ತರೆಂದು ಹೇಳಲು ಎಂಟು ತಿಂಗಳು ತೆಗೆದುಕೊಂಡಿತು. ಆ ಸಂಖ್ಯೆಯನ್ನು ಅನುಮಾನಿಸಿದ, 25 ಲಕ್ಷ ಹಿಂಬಾಲಕರಿದ್ದ ಬ್ಲಾಗರ್‌ಗೆ ಹುತಾತ್ಮರ ಅವಮಾನದ ಹೊಸ ಕಲಮಿನಡಿ ಎಂಟು ತಿಂಗಳ ಜೈಲಾಯಿತು. ಸತ್ತ ತನ್ನ ಸೈನಿಕರ ಲೆಕ್ಕ ಕೇಳುವುದು ಅಲ್ಲಿ ಅಪರಾಧ.

ಇಷ್ಟಾದ ಮೇಲೆ, ಚೀನಾದಲ್ಲಿ ಪ್ರಜಾಪ್ರಭುತ್ವ ಬಂದರೆ ಗಡಿ ತಂಟೆ ತಾನಾಗಿ ಕರಗುತ್ತದೆ ಎಂದು ನಂಬುವ ಭಾರತೀಯರಿಗೂ ಒಂದು ಮಾತು. ಮ್ಯಾಕ್‌ಮಹೋನ್ ರೇಖೆಯನ್ನು ಕಮ್ಯುನಿಸ್ಟರಿಗೆ ಮೊದಲು ಆಳಿದ ಚಿಯಾಂಗ್ ಕೈ-ಶೆಕ್ ಸರ್ಕಾರವೂ ಒಪ್ಪಿರಲಿಲ್ಲ. ದಕ್ಷಿಣ ಚೀನಾ ಸಮುದ್ರವನ್ನು ಗೆರೆಗಳಲ್ಲಿ ಸುತ್ತಿದ ನಕ್ಷೆ 1947ರದು, ಕಮ್ಯುನಿಸ್ಟರು ಬರುವ ಮೊದಲಿನದು. ಚುನಾವಣೆಯಲ್ಲಿ ಗೆದ್ದ ಚೀನೀ ನಾಯಕನೂ ಅರುಣಾಚಲದ ವಿಷಯದಲ್ಲಿ ಮೆತ್ತಗಿರಬೇಕೆಂದೇನಿಲ್ಲ. ವ್ಯತ್ಯಾಸ ಬೇರೆ ಕಡೆ ಕಾಣುತ್ತದೆ. ತೈವಾನ್ ಕೂಡ ಮಾರ್ಷಲ್ ಲಾ ಅಡಿಯಲ್ಲಿ ದಶಕಗಳ ಕಾಲ ಒಂದೇ ಚರಿತ್ರೆ ಓದಿದ ನಾಡು. 1987ರಲ್ಲಿ ಅದು ಮಾರ್ಷಲ್ ಲಾ ತೆಗೆಯಿತು, 1996ರಲ್ಲಿ ಜನ ನೇರವಾಗಿ ಅಧ್ಯಕ್ಷರನ್ನು ಆರಿಸಿದರು, 2015ರಲ್ಲಿ ಹೈಸ್ಕೂಲ್ ಹುಡುಗರು ಚರಿತ್ರೆ ಪಠ್ಯದ ಬದಲಾವಣೆ ವಿರೋಧಿಸಿ ಶಿಕ್ಷಣ ಸಚಿವಾಲಯಕ್ಕೆ ನುಗ್ಗಿದರು. ಅಲ್ಲಿ ಪಠ್ಯಪುಸ್ತಕ ಜಗಳದ ವಸ್ತು.

ಚೀನಾ ರಾಜಕೀಯವಾಗಿ ಬದಲಾಗುತ್ತಿದೆಯೇ ಎಂದು ತಿಳಿಯಲು ಮಹಾಧಿವೇಶನದ ಭಾಷಣ ಓದಬೇಕಿಲ್ಲ. ಯುವಾನ್ ವೈಷಿ ಬರೆದಂಥ ಲೇಖನ ಅಲ್ಲಿನ ಪತ್ರಿಕೆಯಲ್ಲಿ ಬಂದೀತೇ ಎಂದು ನೋಡಿದರೆ ಸಾಕು. 2006ರಲ್ಲಿ ಅದು ಅಚ್ಚಾದ ಮೇಲೆ ಪುರವಣಿಯನ್ನು ನಿಲ್ಲಿಸಿದರು. ಇಂದು ಅದು ಅಚ್ಚಿಗೇ ಹೋಗುವುದಿಲ್ಲ.